ಬಟಿಸ್ಟೂಟ: ಗೋಲುಗಳ ಲೆಕ್ಕ, ಕಾಲುಗಳ ಬೆಲೆ

ವಿಶ್ವಕಪ್ ಫುಟ್‌ಬಾಲ್ ಬಂತೆಂದರೆ ಕಾಸರಗೋಡಿನಿಂದ ಕೋಝಿಕ್ಕೋಡಿನವರೆಗೆ ರಸ್ತೆ ಬದಿಗಳಲ್ಲಿ ಅರ್ಜೆಂಟೀನಾದ ನೀಲಿ-ಬಿಳಿ ಬಾವುಟಗಳು ಏಳುತ್ತವೆ. ಇಂದಿನ ಹುಡುಗರಿಗೆ ಅರ್ಜೆಂಟೀನಾ ಎಂದರೆ ಮೆಸ್ಸಿ. ಅವರ ಅಪ್ಪಂದಿರಿಗೆ ಮರಡೋನಾ. ಈ ಇಬ್ಬರ ನಡುವಿನ ಕಾಲದಲ್ಲಿ ಆ ದೇಶದ ಗೋಲುಗಳ ಭಾರ ಹೊತ್ತ ಉದ್ದ ಕೂದಲಿನ ಆಟಗಾರನೊಬ್ಬ ಇದ್ದ. ಹೆಸರು ಗೇಬ್ರಿಯಲ್ ಬಟಿಸ್ಟೂಟ. ಅರ್ಜೆಂಟೀನಾ ಪರ 54 ಗೋಲು ಗಳಿಸಿದ ಅವರ ದಾಖಲೆಯನ್ನು 2016ರಲ್ಲಿ ಮೆಸ್ಸಿ ಮುರಿಯುವವರೆಗೂ ಯಾರಿಗೂ ಮುಟ್ಟಲಾಗಲಿಲ್ಲ. ಆದರೆ ಅವರ ನಿಜವಾದ ಕಥೆ ನಡೆದದ್ದು ಇಟಲಿಯ ಕ್ಲಬ್ ಮೈದಾನಗಳಲ್ಲಿ.

ತಡವಾಗಿ ಬಂದ ಆಟ

ಬಟಿಸ್ಟೂಟ ಹುಟ್ಟಿದ್ದು 1969ರ ಫೆಬ್ರವರಿ 1ರಂದು, ಅರ್ಜೆಂಟೀನಾದ ಸಾಂತಾ ಫೆ ಪ್ರಾಂತ್ಯದಲ್ಲಿ. ಬೆಳೆದದ್ದು ರೆಕಾನ್‌ಕಿಸ್ಟಾ ಎಂಬ ಊರಿನಲ್ಲಿ. ಬಾಲ್ಯದಲ್ಲಿ ಅವರಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು ಇತ್ತು. 19ನೇ ವಯಸ್ಸಿನ ಹೊತ್ತಿಗೆ ರೊಸಾರಿಯೊ ನಗರದ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಕ್ಲಬ್ ಸೇರಿದರು. ಆಗ ಅವರನ್ನು ತಿದ್ದಿದವರು ಮುಂದೆ ಹೆಸರಾಂತ ತರಬೇತುದಾರರಾದ ಮಾರ್ಸೆಲೊ ಬಿಯೆಲ್ಸಾ. ಮೈ ತೂಕ ಇಳಿಸಲು ಬಿಯೆಲ್ಸಾ ಹಚ್ಚಿದ ಕಟ್ಟುಪಾಡು ಹುಡುಗನಿಗೆ ಕಷ್ಟವಾಗಿತ್ತು.

ನಂತರ ರಿವರ್ ಪ್ಲೇಟ್‌ನಲ್ಲಿ ಅವಕಾಶ ಸಿಗದೆ 1990ರಲ್ಲಿ ಅದರ ಬದ್ಧ ವೈರಿ ಬೋಕಾ ಜೂನಿಯರ್ಸ್‌ಗೆ ಹೋದರು. ಅಲ್ಲಿ ತರಬೇತುದಾರ ಆಸ್ಕರ್ ತಬಾರೆಸ್ ಅವರನ್ನು ನಡು ಮುಂಭಾಗಕ್ಕೆ ತಂದ ಮೇಲೆ ಗೋಲುಗಳು ಬರತೊಡಗಿದವು. 1991ರ ಕೋಪಾ ಅಮೆರಿಕದಲ್ಲಿ 6 ಗೋಲು ಗಳಿಸಿ ಅರ್ಜೆಂಟೀನಾ ಗೆಲ್ಲಲು ಕಾರಣರಾದರು. ಇಟಲಿಯ ಫ್ಲಾರೆನ್ಸ್ ನಗರದ ಫಿಯೊರೆಂಟಿನಾ ಕ್ಲಬ್ ತಕ್ಷಣ ಅವರನ್ನು ಕೊಂಡುಕೊಂಡಿತು.

ಇಲ್ಲೊಂದು ಕಾಕತಾಳೀಯ. ಫಿಯೊರೆಂಟಿನಾ ಕೊನೆಯ ಬಾರಿ ಇಟಲಿಯ ಲೀಗ್ ಗೆದ್ದದ್ದು 1969ರಲ್ಲಿ, ಅಂದರೆ ಬಟಿಸ್ಟೂಟ ಹುಟ್ಟಿದ ವರ್ಷ. ಆ ಪ್ರಶಸ್ತಿಯನ್ನು ಮತ್ತೆ ಊರಿಗೆ ತರುವವನು ಈತನೇ ಎಂದು ಫ್ಲಾರೆನ್ಸಿನ ಜನ ಒಂಬತ್ತು ವರ್ಷ ಕಾದರು.

ಕೆಳಗಿಳಿದ ತಂಡ, ಬಿಟ್ಟು ಹೋಗದ ಆಟಗಾರ

ಯುರೋಪಿನ ಲೀಗ್ ಪದ್ಧತಿ ನಮ್ಮ ಕ್ರಿಕೆಟ್ ಲೀಗ್‌ಗಳಂತಲ್ಲ. ಪ್ರತಿ ವರ್ಷ ಅಂಕಪಟ್ಟಿಯ ತಳದಲ್ಲಿ ಉಳಿದ ತಂಡಗಳು ಕೆಳಗಿನ ದರ್ಜೆಗೆ ಇಳಿಯಬೇಕು, ಕೆಳಗೆ ಗೆದ್ದವರು ಮೇಲೆ ಬರಬೇಕು. ಇಟಲಿಯಲ್ಲಿ ಮೇಲಿನ ದರ್ಜೆಗೆ 'ಸೀರಿ ಎ', ಅದರ ಕೆಳಗಿನದಕ್ಕೆ 'ಸೀರಿ ಬಿ' ಎಂದು ಹೆಸರು. ಇಳಿದ ತಂಡಕ್ಕೆ ಮಾನ ಹೋಗುವುದು ಮಾತ್ರವಲ್ಲ, ಹಣವೂ ಹೋಗುತ್ತದೆ. ಹಾಗಾಗಿ ಒಳ್ಳೆಯ ಆಟಗಾರರು ಬೇರೆ ಕ್ಲಬ್ ನೋಡಿಕೊಳ್ಳುವುದು ವಾಡಿಕೆ.

1992-93ರಲ್ಲಿ ಫಿಯೊರೆಂಟಿನಾಕ್ಕೆ ಇದೇ ಗತಿಯಾಯಿತು. ಬಟಿಸ್ಟೂಟ ಆ ವರ್ಷ ಲೀಗಿನಲ್ಲಿ 16 ಗೋಲು ಹೊಡೆದಿದ್ದರು. ಆದರೂ ಉಡಿನೆಸೆ ಮತ್ತು ಬ್ರೆಶಿಯಾ ತಂಡಗಳ ಜೊತೆ ಅಂಕ ಸಮವಾಗಿ, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಫಿಯೊರೆಂಟಿನಾ ಕೆಳಗಿಳಿಯಿತು. ಡೆನ್ಮಾರ್ಕಿನ ಬ್ರಿಯಾನ್ ಲೌಡ್ರಪ್ ಮಿಲಾನ್ ಕಡೆ ಹೋದರು. ಬಟಿಸ್ಟೂಟ ಹೋಗಲಿಲ್ಲ. ರಾಷ್ಟ್ರೀಯ ತಂಡದ ಸ್ಟ್ರೈಕರ್ ಒಬ್ಬ ಎರಡನೇ ದರ್ಜೆಯ ಮೈದಾನಗಳಲ್ಲಿ ಒಂದು ವರ್ಷ ಆಡಿ ಮತ್ತೆ 16 ಗೋಲು ಗಳಿಸಿದರು. ಕ್ಲಾಡಿಯೊ ರನಿಯೇರಿ ತರಬೇತಿಯಲ್ಲಿ ತಂಡ 1994ರಲ್ಲಿ ಮೇಲೆ ಬಂತು. ಫ್ಲಾರೆನ್ಸಿನ ಜನ ಈ ಪರದೇಶಿಯನ್ನು ಮನೆಮಗನೆಂದು ಒಪ್ಪಿಕೊಂಡದ್ದು ಆ ವರ್ಷದಲ್ಲೇ.

ಮರುವರ್ಷ 1994-95ರಲ್ಲಿ ಋತುವಿನ ಮೊದಲ 11 ಪಂದ್ಯಗಳಲ್ಲೂ ಗೋಲು ಹೊಡೆದರು. 1962-63ರಲ್ಲಿ ಬೊಲೊನ್ಯಾದ ಎಝಿಯೊ ಪಸ್ಕುಟ್ಟಿ ಮಾಡಿದ್ದ 10 ಪಂದ್ಯಗಳ ದಾಖಲೆ ಮುರಿಯಿತು. ಒಟ್ಟು 26 ಗೋಲುಗಳೊಂದಿಗೆ ಇಟಲಿಯ ಅತ್ಯಧಿಕ ಗೋಲುಗಾರರಾದರು. 1996ರಲ್ಲಿ ಅಟಲಾಂಟಾ ತಂಡದ ವಿರುದ್ಧ ಇಟಲಿ ಕಪ್ ಫೈನಲ್‌ನ ಎರಡೂ ಸುತ್ತಿನಲ್ಲಿ ಗೋಲು ಗಳಿಸಿ ಕಪ್ ತಂದುಕೊಟ್ಟರು. ಅದೇ ವರ್ಷ ಸೂಪರ್ ಕಪ್‌ನಲ್ಲಿ ಲೀಗ್ ಚಾಂಪಿಯನ್ ಮಿಲಾನ್ ತಂಡವನ್ನು ಅದರದೇ ಮೈದಾನದಲ್ಲಿ 2-1ರಿಂದ ಸೋಲಿಸಿದಾಗ ಎರಡೂ ಗೋಲು ಬಟಿಸ್ಟೂಟರದ್ದು.

ಅವರ ಆಟದಲ್ಲಿ ಮರಡೋನಾ ತರಹದ ಮೋಡಿ ಇರಲಿಲ್ಲ. ನಾಲ್ಕು ಜನರನ್ನು ವಂಚಿಸಿ ಚೆಂಡು ಒಯ್ಯುವುದು ಅವರ ಕೆಲಸವಲ್ಲ. ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಅಂದಾಜಿಸಿ, ಅಲ್ಲಿಗೆ ತಲುಪಿ, ಬಲಗಾಲಿನಿಂದ ಬಲವಾಗಿ ಒದೆಯುವುದು. ದೂರದಿಂದಲೂ ಹೊಡೆಯುತ್ತಿದ್ದರು, ತಲೆಯಿಂದಲೂ ಹೊಡೆಯುತ್ತಿದ್ದರು. 1999ರ ಅಕ್ಟೋಬರ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಆರ್ಸೆನಲ್ ವಿರುದ್ಧ ಬಲಬದಿಯ ಇಕ್ಕಟ್ಟಿನ ಕೋನದಿಂದ ಹೊಡೆದ ಗೋಲು ಈಗಲೂ ಮಾತಿಗೆ ಬರುತ್ತದೆ. ಚಾಂಪಿಯನ್ಸ್ ಲೀಗಿನ ಆ ಪಂದ್ಯವನ್ನು ಫಿಯೊರೆಂಟಿನಾ 1-0ರಿಂದ ಗೆದ್ದಿತು.

ಕೈತಪ್ಪಿದ ಪ್ರಶಸ್ತಿ

1998-99ರಲ್ಲಿ ಜಿಯೊವಾನಿ ಟ್ರಪಟೋನಿ ತರಬೇತಿಯಲ್ಲಿ ಅರ್ಧ ಋತು ಮುಗಿದಾಗ ಫಿಯೊರೆಂಟಿನಾ ಅಗ್ರಸ್ಥಾನದಲ್ಲಿತ್ತು. 30 ವರ್ಷಗಳ ಕಾಯುವಿಕೆ ಮುಗಿಯಿತೆಂದು ಊರೆಲ್ಲ ನಂಬಿತ್ತು. ಆದರೆ ಫೆಬ್ರವರಿಯಲ್ಲಿ ಮಿಲಾನ್ ವಿರುದ್ಧದ ಪಂದ್ಯದಲ್ಲಿ ಬಟಿಸ್ಟೂಟ ಗಾಯಗೊಂಡರು. ಅದೇ ಹೊತ್ತಿಗೆ ಜೊತೆಗಾರ ಬ್ರೆಜಿಲ್‌ನ ಎಡ್‌ಮುಂಡೊ ರಿಯೊ ಕಾರ್ನಿವಲ್ ಹಬ್ಬಕ್ಕೆಂದು ಊರಿಗೆ ಹೊರಟರು. ತಂಡ ಮೂರನೇ ಸ್ಥಾನಕ್ಕೆ ಇಳಿಯಿತು, ಪ್ರಶಸ್ತಿ ಮಿಲಾನ್ ಪಾಲಾಯಿತು.

ಆಗ ಬಟಿಸ್ಟೂಟರಿಗೆ 30 ವರ್ಷ. ಲೀಗ್ ಪ್ರಶಸ್ತಿ ಇಲ್ಲದೆ ನಿವೃತ್ತಿಯಾಗುವ ಭಯ ಅವರನ್ನು ಕಾಡತೊಡಗಿತು. 2000ರಲ್ಲಿ ರೋಮಾ ಕ್ಲಬ್ 70 ಶತಕೋಟಿ ಲಿರಾ ಕೊಟ್ಟು ಅವರನ್ನು ಖರೀದಿಸಿತು. ಲಿರಾ ಇಟಲಿಯ ಹಳೆಯ ನಾಣ್ಯ. ಯೂರೋ ಲೆಕ್ಕದಲ್ಲಿ ಇದು ಸುಮಾರು 3.6 ಕೋಟಿ. ಮೂವತ್ತು ದಾಟಿದ ಆಟಗಾರನಿಗೆ ಅಂದು ಅದು ದೊಡ್ಡ ಮೊತ್ತ.

ಅದೇ ವರ್ಷದ ನವೆಂಬರ್ 26ರಂದು ರೋಮಾ ಎದುರು ಫಿಯೊರೆಂಟಿನಾ ಬಂತು. ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಬಟಿಸ್ಟೂಟ ದೂರದಿಂದ, ಚೆಂಡು ನೆಲ ಮುಟ್ಟುವ ಮೊದಲೇ ಒದ್ದು ಗೋಲು ಪೆಟ್ಟಿಗೆ ಸೇರಿಸಿದರು. ರೋಮಾ 1-0ರಿಂದ ಗೆದ್ದಿತು. ಜೊತೆಗಾರರು ಓಡಿ ಬಂದು ತಬ್ಬಿಕೊಂಡರೆ ಅವರ ಕಣ್ಣಲ್ಲಿ ನೀರು. ಸಂಭ್ರಮಿಸಲಿಲ್ಲ.

2001ರ ಜೂನ್ 17ರಂದು ಪಾರ್ಮಾ ವಿರುದ್ಧದ ಕೊನೆಯ ಪಂದ್ಯವನ್ನು ರೋಮಾ 3-1ರಿಂದ ಗೆದ್ದಿತು. ಟೊಟ್ಟಿ, ಮೊಂಟೆಲ್ಲಾ, ಬಟಿಸ್ಟೂಟ ತಲಾ ಒಂದು ಗೋಲು. ಅದು ರೋಮಾದ ಮೂರನೇ ಲೀಗ್ ಪ್ರಶಸ್ತಿ. ಬಟಿಸ್ಟೂಟ ಆ ಋತುವಿನ ಲೀಗಿನಲ್ಲಿ 20 ಗೋಲು ಗಳಿಸಿದ್ದರು. ಮರುವರ್ಷವೇ, 2002ರಲ್ಲಿ, ಫಿಯೊರೆಂಟಿನಾ ದಿವಾಳಿಯಾಗಿ ಬೇರೆ ಹೆಸರಿನಲ್ಲಿ ನಾಲ್ಕನೇ ದರ್ಜೆಯಿಂದ ಆಟ ಶುರು ಮಾಡಬೇಕಾಯಿತು.

ಬಟಿಸ್ಟೂಟ 2003ರಲ್ಲಿ ಕೆಲ ತಿಂಗಳು ಇಂಟರ್ ಮಿಲಾನ್‌ನಲ್ಲಿ, ಬಳಿಕ ಕತಾರಿನ ಅಲ್ ಅರಬಿ ಕ್ಲಬ್ಬಿನಲ್ಲಿ ಆಡಿ 2005ರಲ್ಲಿ ನಿವೃತ್ತರಾದರು.

ಚಪ್ಪಾಳೆ ನಿಂತ ಮೇಲೆ

ನಮ್ಮ ಪಾದದ ಗಂಟಿನ ಮೂಳೆಗಳ ನಡುವೆ ಮೆತ್ತೆಯಂಥ ಒಂದು ಪದರ ಇರುತ್ತದೆ. ಅದು ಸವೆದರೆ ಮೂಳೆಗೆ ಮೂಳೆ ಉಜ್ಜುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ನೋವು ಎಂಬುದು ಶರೀರ ಕೊಡುವ ಎಚ್ಚರಿಕೆ. ಇಂಜೆಕ್ಷನ್ ತೆಗೆದುಕೊಂಡು ಆಡಿದರೆ ಎಚ್ಚರಿಕೆ ಮಾತ್ರ ನಿಲ್ಲುತ್ತದೆ, ಸವೆತ ನಿಲ್ಲುವುದಿಲ್ಲ. ಬಟಿಸ್ಟೂಟ ವರ್ಷಗಟ್ಟಲೆ ನೋವು ಸಹಿಸಿಯೇ ಆಡಿದವರು.

ನಿವೃತ್ತಿಯ ನಂತರದ ದಿನಗಳ ಬಗ್ಗೆ ಅವರೇ 2014ರಲ್ಲಿ ಸಂದರ್ಶನವೊಂದರಲ್ಲಿ ಹೇಳಿಕೊಂಡರು. ಶೌಚಾಲಯ ಮೂರು ಹೆಜ್ಜೆ ದೂರದಲ್ಲಿದ್ದರೂ ಕಾಲೂರಲು ಹೆದರಿ ಹಾಸಿಗೆಯಲ್ಲೇ ಮೂತ್ರ ಮಾಡಿಕೊಂಡರಂತೆ. ನೋವು ತಾಳಲಾರದೆ ವೈದ್ಯರ ಬಳಿ ಹೋಗಿ ಕಾಲು ಕತ್ತರಿಸಿಬಿಡಿ ಎಂದು ಬೇಡಿಕೊಂಡರಂತೆ. ವೈದ್ಯರು ಒಪ್ಪಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಗಂಟಿಗೆ ಸ್ಕ್ರೂ ಹಾಕಿದರು. 2019ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕೃತಕ ಕೀಲು ಜೋಡಿಸಿಕೊಂಡರು.

ಫಿಯೊರೆಂಟಿನಾ ಪರ 200ಕ್ಕೂ ಹೆಚ್ಚು ಗೋಲು, 1994 ಮತ್ತು 1998ರ ಎರಡು ವಿಶ್ವಕಪ್‌ಗಳಲ್ಲೂ ಹ್ಯಾಟ್ರಿಕ್, ಇವೆಲ್ಲ ದಾಖಲೆ ಪುಸ್ತಕದಲ್ಲಿವೆ. ಕಾಲಿನ ಲೆಕ್ಕ ಅಲ್ಲಿ ಇರುವುದಿಲ್ಲ.

ತೃಕ್ಕರಿಪುರದಿಂದ ಆಚೆ ಮಲಬಾರಿನ ಉದ್ದಕ್ಕೂ ಸೆವೆನ್ಸ್ ಪಂದ್ಯಾಟಗಳಲ್ಲಿ ಉಳುಕಿದ ಕಾಲಿಗೆ ಬಟ್ಟೆ ಬಿಗಿದು, ಸ್ಪ್ರೇ ಹೊಡೆದು ಮತ್ತೆ ಮೈದಾನಕ್ಕೆ ಇಳಿಯುವ ಹುಡುಗರನ್ನು ನಾವು ನೋಡುತ್ತೇವೆ, ಚಪ್ಪಾಳೆಯನ್ನೂ ತಟ್ಟುತ್ತೇವೆ. ಅವರಿಗೆ ಬಟಿಸ್ಟೂಟರ ಗೋಲುಗಳ ವಿಡಿಯೊ ತೋರಿಸುವವರು ಈ ಮಾತನ್ನೂ ತಿಳಿಸಲಿ. ಒಂದು ಪಂದ್ಯ ಬಿಟ್ಟು ಹೊರಗೆ ಕುಳಿತರೆ ಸೋಲುವುದು ಆ ಒಂದು ಪಂದ್ಯ ಮಾತ್ರ.