ಮಣಿಕಟ್ಟಿನ ಗಂಟನ್ನು ಗುದ್ದಬೇಡಿ

ಕೈಯನ್ನು ಬಗ್ಗಿಸಿದಾಗ ಮಣಿಕಟ್ಟಿನ ಮೇಲೆ ಗೋಲಿಯಂತೆ ಉಬ್ಬುವ ಗಂಟನ್ನು ನೀವು ಗೆಳೆಯರ ಕೈಯಲ್ಲಾದರೂ ಕಂಡಿರಬಹುದು. ವೈದ್ಯರು ಇದನ್ನು ಗ್ಯಾಂಗ್ಲಿಯಾನ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಇದು ಕ್ಯಾನ್ಸರ್ ಅಲ್ಲ.

ಕೀಲನ್ನು ಸುತ್ತುವರಿದ ಪೊರೆಯಿಂದಲೋ ಸ್ನಾಯುರಜ್ಜುವಿನ ಕವಚದಿಂದಲೋ ಪುಟ್ಟ ಚೀಲವೊಂದು ಹೊರಚಾಚುತ್ತದೆ. ಅದರೊಳಗೆ ಲೋಳೆಸರದ ತಿರುಳಿನಂಥ ಮಂದ ದ್ರವ ತುಂಬಿಕೊಳ್ಳುತ್ತದೆ. ಕಾಯಿಗೆ ತೊಟ್ಟಿರುವಂತೆ ಈ ಚೀಲಕ್ಕೂ ಕೀಲಿನ ಕಡೆಗೆ ಒಂದು ತೊಟ್ಟು ಇರುತ್ತದೆ. ಗಂಟು ಕೆಲವು ದಿನ ಹಿಗ್ಗಿ, ಕೆಲವು ದಿನ ಕುಗ್ಗುವುದುಂಟು. ಕತ್ತಲಲ್ಲಿ ಟಾರ್ಚ್ ಒತ್ತಿ ಹಿಡಿದರೆ ಬೆಳಕು ಅದರೊಳಗೆ ಹಾಯುತ್ತದೆ.

ದಪ್ಪ ಪುಸ್ತಕದಿಂದ ಗುದ್ದಿ ಒಡೆಯುವುದು ಹಳೆಯ ಕಾಲದ ಉಪಾಯ. ಪರೀಕ್ಷೆಯ ಹೊತ್ತಿಗೆ ಬರೆಯುವ ಕೈಯನ್ನೇ ಮುರಿದುಕೊಳ್ಳಲು ಇದೊಂದು ಸುಲಭದ ದಾರಿ! ಮನೆಯಲ್ಲಿ ಸೂಜಿ ಚುಚ್ಚುವುದೂ ಬೇಡ, ಕೀಲಿಗೆ ಸೋಂಕು ತಗಲೀತು.

ನೋವಿಲ್ಲದಿದ್ದರೆ ಸುಮ್ಮನೆ ಬಿಡುವುದೇ ಮೇಲು. ಸುಮಾರು ಅರ್ಧದಷ್ಟು ಗಂಟುಗಳು ತಾವಾಗಿಯೇ ಕರಗುತ್ತವೆ, ಕೆಲವು ವರ್ಷಗಟ್ಟಲೆ ಸಮಯ ತೆಗೆದುಕೊಳ್ಳುತ್ತವೆ. ನೋವಿದ್ದರೆ ವೈದ್ಯರು ದ್ರವವನ್ನು ಸೂಜಿಯಿಂದ ಹೀರಿ ತೆಗೆಯಬಹುದು. ಆದರೆ ಚೀಲವೂ ತೊಟ್ಟೂ ಒಳಗೇ ಉಳಿಯುವುದರಿಂದ ಅನೇಕರಲ್ಲಿ ಗಂಟು ಮತ್ತೆ ತುಂಬಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಎರಡನ್ನೂ ತೆಗೆಯುವುದರಿಂದ ಮರಳುವ ಸಂಭವ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ.

ಕೈಯ ಗಂಟುಗಳೆಲ್ಲ ಗ್ಯಾಂಗ್ಲಿಯಾನ್ ಆಗಿರಬೇಕಿಲ್ಲ, ಆದ್ದರಿಂದ ಒಮ್ಮೆ ವೈದ್ಯರಿಗೆ ತೋರಿಸಿ. ಬೆರಳು ಜೋಮು ಹಿಡಿದರೆ, ಹಿಡಿತ ಸಡಿಲಾದರೆ, ಗಂಟು ಬೇಗಬೇಗ ಬೆಳೆದರೆ ತಡಮಾಡಬೇಡಿ.