ಜೀಪು, ಪಿಕಪ್‌ಗಳ ವಾಸನೆ: ಕಾರಣ ಮತ್ತು ಪರಿಹಾರ

ಕೊಯ್ಲಿನ ದಿನಗಳಲ್ಲಿ ನಮ್ಮ ವಾಹನಗಳಿಗೆ ವಿಶ್ರಾಂತಿ ಇಲ್ಲ. ಇಂಜಿನಿನ ಸದ್ದು ಬದಲಾದರೆ ಎಲ್ಲರೂ ಕಿವಿಗೊಡುತ್ತಾರೆ, ಆದರೆ ವಾಸನೆ ಬಂದರೆ ಕಿಟಕಿ ಇಳಿಸಿ ಮುಂದೆ ಹೋಗುವುದೇ ನಮ್ಮಲ್ಲಿ ರೂಢಿ. ಅನೇಕ ದೋಷಗಳಲ್ಲಿ ಸದ್ದಿಗಿಂತ ಮೊದಲು, ಮೀಟರಿನ ಮುಳ್ಳಿಗಿಂತಲೂ ಮೊದಲು ಸುಳಿವು ಕೊಡುವುದು ವಾಸನೆ. ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡ ಮೇಲೆ.

ಒಂದು ಜನವರಿಯಲ್ಲಿ ಉಜಿರೆಯಿಂದ ಗೊಬ್ಬರ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಅರ್ಧ ಘಾಟಿಯಲ್ಲಿ ಸಿಹಿಯಾದ ವಾಸನೆ ಬಂತು. "ಎಲ್ಲೋ ಬೆಲ್ಲ ಕಾಸ್ತಿದಾರೆ ಅನ್ಸುತ್ತೆ ಅಯ್ಯಾ" ಎಂದ ಡ್ರೈವರ್. ಆಲೆಮನೆಯ ಕಾಲವಾದ್ದರಿಂದ ನಾನೂ ತಲೆಯಾಡಿಸಿದೆ. ಆ ಕಾಡಿನಲ್ಲಿ ಆಲೆಮನೆ ಎಲ್ಲಿಂದ ಬರಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಶಾಖ ತೋರಿಸುವ ಮುಳ್ಳು ತನ್ನ ಜಾಗದಲ್ಲೇ ಇತ್ತು. ಕೊಟ್ಟಿಗೆಹಾರ ಮುಟ್ಟುವ ಮುನ್ನ ಇಂಜಿನ್ ನಿಂತಿತು. ಹೆಡ್ ಡೊಂಕಾಗಿತ್ತು. ಕೊಯ್ಲಿನ ನಡುವೆ ಹದಿನೇಳು ದಿನ ಬಾಡಿಗೆ ವಾಹನದಲ್ಲಿ ಹಣ್ಣು ಸಾಗಿಸಬೇಕಾಯಿತು. ಮೂಲ ಕಾರಣ, ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪಿನಲ್ಲಿ ಬೆರಳುದ್ದದ ಸೀಳು.

ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಬಿಸಿಯಾದಾಗ ಈ ಸಿಹಿ ವಾಸನೆ ಬರುತ್ತದೆ. ಮುಳ್ಳು ಏಕೆ ಏರಲಿಲ್ಲವೆಂದರೆ, ಶಾಖವನ್ನು ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ದ್ರವ ಸೋರಿ ಅದರ ಕೆಳಗೆ ಇಳಿದ ಮೇಲೆ ಮುಳ್ಳನ್ನು ನಂಬುವಂತಿಲ್ಲ. ಆದುದರಿಂದ ಸಿಹಿ ವಾಸನೆ ಬಂದೊಡನೆ ವಾಹನ ನಿಲ್ಲಿಸಿ, ಇಂಜಿನ್ ಆರಿಸಿ, ಬಾನೆಟ್ ಎತ್ತಿ ಕಾಯತಕ್ಕದ್ದು. ಮೇಲಿನ ಪೈಪು ಕೈಯಲ್ಲಿ ಹಿಡಿಯುವಷ್ಟು ತಣಿಯುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟಬಾರದು. ಒಳಗಿನ ದ್ರವ ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದ್ದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನಿಗೆ ತೋಡಿನ ತಣ್ಣೀರು ಸುರಿಯುವುದೂ ತಪ್ಪು, ಹೆಡ್ ಬಿರುಕು ಬಿಡುವ ಸಂಭವವಿದೆ. ಹೊರಗೆ ಎಲ್ಲಿಯೂ ಸೋರಿಕೆ ಕಾಣದೆ, ಸೈಲೆನ್ಸರಿನಿಂದ ಬಿಳಿ ಹೊಗೆಯ ಜೊತೆ ಸಿಹಿ ವಾಸನೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಅನುಮಾನಿಸಬೇಕು. ಇದರ ಚಿಕಿತ್ಸೆ ಮೆಕ್ಯಾನಿಕ್‌ಗೆ ಸೇರಿದ್ದು. ಕೂಲೆಂಟ್ ವಿಷವೆಂಬುದೂ ನೆನಪಿರಲಿ. ಅಂಗಳದಲ್ಲಿ ಚೆಲ್ಲಿದರೆ ಸಿಹಿಗೆ ನಾಯಿ ನೆಕ್ಕುತ್ತದೆ.

ಸುಟ್ಟ ಎಣ್ಣೆಯ ಕಮಟು ವಾಸನೆ ಅಷ್ಟು ಗಾಬರಿಯದಲ್ಲ. ಸಾಮಾನ್ಯವಾಗಿ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹಳತಾಗಿ ಎಣ್ಣೆ ಜಿನುಗಿ, ಕಾದ ಎಕ್ಸಾಸ್ಟ್ ಪೈಪಿನ ಮೇಲೆ ಬೀಳುತ್ತಿರುತ್ತದೆ. ಡಿಪ್‌ಸ್ಟಿಕ್ ನೋಡಿ ಎಣ್ಣೆ ಸಾಕಷ್ಟಿದ್ದರೆ ಊರು ಮುಟ್ಟಬಹುದು. ವಾರದೊಳಗೆ ಪ್ಯಾಕಿಂಗ್ ಬದಲಿಸಿ.

ಘಾಟಿ ಹತ್ತುವಾಗ ಸುಟ್ಟ ಕಾಗದದಂಥ ವಾಸನೆ ಬಂದರೆ ಅದು ಕ್ಲಚ್ ಪ್ಲೇಟು. ಅರ್ಧ ಕ್ಲಚ್‌ನಲ್ಲಿ ವಾಹನ ನಿಲ್ಲಿಸಿಕೊಳ್ಳುವ ಅಭ್ಯಾಸವೇ ಇದಕ್ಕೆ ಕಾರಣ. ಇಳಿಯುವಾಗ ಬಂದರೆ ಬ್ರೇಕು. ಇದು ಪ್ರಾಣದ ಪ್ರಶ್ನೆ. ಅತಿಯಾಗಿ ಕಾದ ಬ್ರೇಕು ಹಿಡಿಯುವುದಿಲ್ಲ. ಕೆಳಗಿನ ಗೇರಿಗೆ ತಂದು, ಅಗಲವಾದ ಜಾಗ ಕಂಡಲ್ಲಿ ನಿಲ್ಲಿಸಿ ಆರಲು ಬಿಡಿ, ನೀರು ಎರಚಬೇಡಿ. ಸಮತಟ್ಟು ರಸ್ತೆಯಲ್ಲೂ ವಾಸನೆ ಬರುತ್ತಿದ್ದರೆ ಹ್ಯಾಂಡ್‌ಬ್ರೇಕ್ ಬಿಟ್ಟಿದೆಯೇ ನೋಡಿ. ಬಿಟ್ಟಿದ್ದರೆ, ಮುಟ್ಟದೆ ಚಕ್ರಗಳ ಹತ್ತಿರ ಕೈ ಹಿಡಿದು ಯಾವುದು ಹೆಚ್ಚು ಕಾದಿದೆ ಎಂದು ಪರೀಕ್ಷಿಸಿ.

ಪೆಟ್ರೋಲ್ ವಾಸನೆ ಬಂದರೆ ಇಂಜಿನ್ ಚಾಲೂ ಮಾಡಲೇಬಾರದು, ಸುತ್ತಮುತ್ತ ಬೀಡಿ ಸೇದುವವರನ್ನು ದೂರ ಕಳುಹಿಸಬೇಕು. ಈಗ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥೆನಾಲ್ ಬೆರೆಯುತ್ತದೆ. ಅದಕ್ಕಾಗಿ ತಯಾರಾಗದ ಹಳೆಯ ವಾಹನಗಳ ರಬ್ಬರ್ ಪೈಪುಗಳು ಬೇಗ ಕೆಡಬಹುದು. ಬಾಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ.

ಕೊಳೆತ ಮೊಟ್ಟೆಯ ವಾಸನೆ ಹಳೆಯ ಡೀಸೆಲ್ ಜೀಪಿನಲ್ಲಿ ಬಂದರೆ ಮೊದಲು ಬ್ಯಾಟರಿ ನೋಡಬೇಕು. ಆಲ್ಟರ್ನೇಟರ್ ಅತಿಯಾಗಿ ಚಾರ್ಜ್ ಮಾಡುತ್ತಿದ್ದರೆ ಆ್ಯಸಿಡ್ ಕುದಿದು ಈ ವಾಸನೆ ಬರುತ್ತದೆ. ಜೊತೆಗೆ ಹೊರಬರುವ ಹೈಡ್ರೋಜನ್ ಅನಿಲ ಸಿಡಿಯುವಂಥದು. ಬೆಂಕಿಕಡ್ಡಿ ಗೀರಿ ಇಣುಕಬೇಡಿ.

ನಮ್ಮ ಕಡೆಯ ವಿಶೇಷ ಉಪದ್ರವ ಇಲಿ. ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಂತ ವಾಹನದ ಬಾನೆಟ್ ಒಳಗೆ ಗೂಡು ಕಟ್ಟಿ ವೈರು ಕಡಿಯುತ್ತದೆ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಇಂಜಿನ್ ನಿಲ್ಲಿಸಿ ಕೂಡಲೇ ಬ್ಯಾಟರಿಯ ತಂತಿ ಕಳಚಿ. ಫ್ಯೂಸ್ ಹೋಗಿದ್ದರೆ ದಪ್ಪ ತಂತಿ ಸುತ್ತುವ ಜಾಣತನ ಬೇಡ. ಎಲೆ ಸುಡುವ ವಾಸನೆಯಾದರೆ, ತೋಟದ ದಾರಿಯಲ್ಲಿ ಒಣಹುಲ್ಲು, ತರಗೆಲೆ ಸೈಲೆನ್ಸರಿಗೆ ಸಿಕ್ಕಿಕೊಂಡಿರುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ವಾಹನಗಳನ್ನು ಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅವುಗಳಲ್ಲಿ ಹಲವಕ್ಕೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಆ ಮಸಿಯನ್ನು ವಾಹನ ತಾನಾಗಿಯೇ ಆಗಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಸುಡುತ್ತದೆ. ಆಗ ಬರುವ ಬಿಸಿ ವಾಸನೆ ದೋಷವಲ್ಲ, ಆದರೆ ಅಂಥ ಹೊತ್ತಿನಲ್ಲಿ ಅಡಿಕೆ ಸಿಪ್ಪೆಯ ರಾಶಿಯ ಪಕ್ಕ ನಿಲ್ಲಿಸಿದರೆ ಕಣಕ್ಕೇ ಬೆಂಕಿ ಬಿದ್ದೀತು.

ಕೊನೆಯದಾಗಿ, ವಾಹನದ ಒಳಗೆ ಸೈಲೆನ್ಸರಿನ ಹೊಗೆಯ ವಾಸನೆ ಬರುತ್ತಿದ್ದರೆ ಪೈಪು ಎಲ್ಲೋ ತೂತಾಗಿದೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಸ್ವಂತ ವಾಸನೆಯಿಲ್ಲ, ಹೊಗೆಯ ವಾಸನೆಯಿಂದಲೇ ಅದನ್ನು ಊಹಿಸಬೇಕು. ತಲೆನೋವು, ವಾಕರಿಕೆ ಬಂದರೆ ವಾಹನ ನಿಲ್ಲಿಸಿ ಎಲ್ಲರನ್ನೂ ಹೊರಗೆ ಇಳಿಸಿ. ಬಾಗಿಲು ಮುಚ್ಚಿದ ಪಂಪ್ ಶೆಡ್ಡಿನಲ್ಲಿ ಸ್ಪ್ರಿಂಕ್ಲರ್ ಇಂಜಿನ್ ಓಡಿಸಿ ಅಲ್ಲೇ ಮಲಗುವ ಕೆಲಸಗಾರರಿಗೂ ಇದನ್ನು ಈ ಬೇಸಿಗೆಗೆ ಮುನ್ನ ತಿಳಿಸಿ ಹೇಳಿ.