ಓದುಗರನ್ನು ಅರಸಿ ಹೊರಟ ಪುಸ್ತಕ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕು ಶಿಲ್ಪಕ್ಕೆ ಮಾತ್ರವಲ್ಲ, ಅಕ್ಷರಕ್ಕೂ ಹೆಸರಾದ ನೆಲ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವು ದೊರೆತದ್ದು ಈ ತಾಲ್ಲೂಕಿನಲ್ಲಿಯೇ. ಕಲ್ಲಿನ ಮೇಲೆ ಕೊರೆದ ಬರಹವು ನಿಂತಲ್ಲಿಯೇ ನಿಲ್ಲುತ್ತದೆ. ಓದಬೇಕಾದವರು ಅದರ ಬಳಿಗೆ ನಡೆದುಹೋಗಬೇಕು. ಪುಸ್ತಕದ ಸ್ವಭಾವ ಹಾಗಲ್ಲ. ಅದು ಕೈಯಿಂದ ಕೈಗೆ, ಊರಿಂದ ಊರಿಗೆ ಸಾಗಬಲ್ಲುದು. ಹೀಗಿದ್ದೂ ಎಷ್ಟೋ ಗ್ರಂಥಾಲಯಗಳಲ್ಲಿ ಪುಸ್ತಕಗಳು ಶಾಸನದ ಕಲ್ಲುಗಳಂತೆ ನಿಂತಲ್ಲಿಯೇ ನಿಂತಿರುತ್ತವೆ. ‘ಬಾಗಿಲು ತೆರೆದಿದೆ, ಬೇಕಾದವರು ಬರಲಿ’ ಎಂದರೆ ಸಾಕೆ? ಬಾರದವರು ಏಕೆ ಬರಲಿಲ್ಲವೆಂದು ಕೇಳಬೇಡವೆ?

ಈ ಪ್ರಶ್ನೆಗೆ ಉತ್ತರವನ್ನು ಇದೇ ತಾಲ್ಲೂಕಿನ ಅರೇಹಳ್ಳಿಯ ಸುತ್ತಮುತ್ತ ಅರಸಬಹುದು. ಅದು ಕಾಫಿ ತೋಟಗಳ ನಡುವಣ ಹೋಬಳಿ ಕೇಂದ್ರ. ತೋಟದ ಕೂಲಿಕಾರರಲ್ಲಿ ಅನೇಕರು ‘ಲೈನು’ ಎಂದು ಕರೆಯುವ ಸಾಲುಮನೆಗಳಲ್ಲಿ ವಾಸಿಸುತ್ತಾರೆ. ಮಲೆನಾಡಿನ ಇಂತಹ ಲೈನುಗಳಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ತುಳು, ಮತ್ತೆ ಕೆಲವರದು ತಮಿಳು. ಈಚೆಗೆ ಅಸ್ಸಾಮಿನಂತಹ ದೂರದ ರಾಜ್ಯಗಳಿಂದಲೂ ಕೆಲಸಗಾರರು ಬರುತ್ತಿದ್ದಾರೆ. ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಬೆಳಗ್ಗೆ ಹೊರಟವರು ಹಣ್ಣನ್ನು ತೂಗಿಸಿ, ಮನೆಗೆ ಮರಳಿ ಒಲೆ ಹಚ್ಚುವ ಹೊತ್ತಿಗೆ ಕತ್ತಲಾಗಿರುತ್ತದೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಕಡಿದುಹೋಗುತ್ತದೆ. ಗ್ರಂಥಾಲಯದ ಬಾಗಿಲನ್ನು ಅವರಿಗೆ ಯಾರೂ ಮುಚ್ಚಿಲ್ಲ. ಆದರೆ ಅದು ತೆರೆದಿರುವಾಗ ಅವರಿಗೆ ಬಿಡುವಿಲ್ಲ, ಅವರಿಗೆ ಬಿಡುವಾದಾಗ ಅದು ತೆರೆದಿರುವುದಿಲ್ಲ.

ನಾನು ಉಪಾಧ್ಯಾಯನಾಗಿದ್ದಾಗ ನಡೆದ ಒಂದು ಪ್ರಸಂಗ ನೆನಪಾಗುತ್ತದೆ. ತೋಟದ ಲೈನಿನಿಂದ ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳು ಪಠ್ಯಪುಸ್ತಕದ ಕಥೆಗಳನ್ನೆಲ್ಲ ಜೂನ್ ತಿಂಗಳು ಕಳೆಯುವುದರೊಳಗೆ ಓದಿ ಮುಗಿಸುತ್ತಿದ್ದಳು. ಗ್ರಂಥಾಲಯದ ಸದಸ್ಯಳಾಗೆಂದು ನಾನೇ ಅವಳನ್ನು ಕಳುಹಿಸಿದೆ. ಅಲ್ಲಿ ಠೇವಣಿ ಹಣವನ್ನೂ ಸ್ವಂತ ಮನೆಯುಳ್ಳವರೊಬ್ಬರ ಜಾಮೀನು ಸಹಿಯನ್ನೂ ಕೇಳಿದರು. ಅವಳ ತಂದೆಗೆ ಎರಡೂ ಸಾಧ್ಯವಿರಲಿಲ್ಲ. ‘ನಾನೇ ಬಂದು ಸಹಿ ಹಾಕುತ್ತೇನೆ, ಮಗು’ ಎಂದೆ. ಇಂದು ನಾಳೆ ಎನ್ನುತ್ತ ತಿಂಗಳು ಕಳೆಯಿತು. ಅಷ್ಟರಲ್ಲಿ ಆ ಕುಟುಂಬ ಬೇರೊಂದು ತೋಟಕ್ಕೆ ಹೊರಟುಹೋಗಿತ್ತು. ನಿಯಮ ಮಾಡಿದವರಿಗೆ ಅವಳ ಮೇಲೆ ದ್ವೇಷವಿರಲಿಲ್ಲ. ಅಂತಹವಳೊಬ್ಬಳು ಇದ್ದಾಳೆಂಬ ಅರಿವು ಇರಲಿಲ್ಲ, ಅಷ್ಟೆ. ನನಗಾದರೋ ಅರಿವಿತ್ತು, ತ್ವರೆಯಿರಲಿಲ್ಲ. ಜನರನ್ನು ಪುಸ್ತಕದಿಂದ ದೂರವಿಡಲು ಹಗೆತನವೇ ಬೇಕಾಗಿಲ್ಲ; ಮರೆವೂ ಆಲಸ್ಯವೂ ಸಾಕು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಈ ಮರೆವಿಗೆ ಮದ್ದನ್ನು ಸೂಚಿಸಿದರು. 1931ರಲ್ಲಿ ಪ್ರಕಟವಾದ ಅವರ ಕೃತಿಯು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ವಿಧಿಸಿತು. ಪುಸ್ತಕವಿರುವುದು ಬಳಕೆಗೆ, ಕಾಪಿಟ್ಟುಕೊಳ್ಳುವುದಕ್ಕಲ್ಲ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು. ಓದುಗನ ಕಾಲ ವ್ಯರ್ಥವಾಗಬಾರದು. ಗ್ರಂಥಾಲಯವು ಬೆಳೆಯುತ್ತಲೇ ಇರುವ ಜೀವಿ. ‘ಪ್ರತಿಯೊಬ್ಬ’ ಎಂಬ ಮಾತನ್ನು ಗಮನಿಸಿ. ಅದರಲ್ಲಿ ಬಂದವರಷ್ಟೇ ಅಲ್ಲ, ಬಾರದವರೂ ಸೇರಿದ್ದಾರೆ. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ಪುಸ್ತಕವು ಓದುಗರ ಬಳಿಗೆ ನಡೆದು ಬಂದ ನಿದರ್ಶನಗಳು ನಮ್ಮ ದೇಶದಲ್ಲಿ ಹಿಂದಿನಿಂದಲೂ ಇವೆ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲರನ್ನು ಕರೆಸಿ, ಸಂಸ್ಥಾನದಲ್ಲೆಲ್ಲ ಗ್ರಂಥಾಲಯಗಳನ್ನು ಸ್ಥಾಪಿಸುವ ಕಾರ್ಯ ಕೈಗೊಂಡರು. ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಹಳ್ಳಿಹಳ್ಳಿಗೆ ಕಳುಹಿಸುವ ಏರ್ಪಾಡು ಅಲ್ಲಿತ್ತು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯ ಬಳಿ ಎತ್ತಿನ ಗಾಡಿಯೊಂದು ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಗಳತ್ತ ಹೊರಟಿತು. ಭತ್ತವನ್ನು ಸಾಗಿಸುವ ಗಾಡಿ ವಿದ್ಯೆಯನ್ನೂ ಸಾಗಿಸಬಲ್ಲುದೆಂಬುದು ಹೀಗೆ ಸಿದ್ಧವಾಯಿತು.

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು 1965ರಲ್ಲಿ ರೂಪುಗೊಂಡಿತು. ಆಸ್ತಿ ತೆರಿಗೆಯೊಡನೆ ಜನರಿಂದ ಗ್ರಂಥಾಲಯ ಕರವನ್ನು ಪಡೆಯುವ ವ್ಯವಸ್ಥೆಯೂ ಬಂದಿತು. ಆದುದರಿಂದ ಓದುವ ಅವಕಾಶವು ಯಾರೋ ನೀಡುವ ದಾನವಲ್ಲ; ಅದು ನಾಡಿನ ಜನ ಒಟ್ಟುಗೂಡಿ ಕಟ್ಟಿಕೊಂಡ ಸೊತ್ತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಹೊಣೆಯು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದಿತು. ಮರುವರ್ಷ, ಸಾಂಕ್ರಾಮಿಕ ರೋಗದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಈ ಸುದ್ದಿಯನ್ನು ಓದಿದಂದು ನನಗೆ ಆ ಹುಡುಗಿಯ ಮುಖ ನೆನಪಾಯಿತು.

ಸರ್ಕಾರವೊಂದೇ ಈ ಕೆಲಸ ಮಾಡಬೇಕೆಂದಿಲ್ಲ. ಮೈಸೂರಿನ ರಾಜೀವನಗರದಲ್ಲಿ ಸಯ್ಯದ್ ಇಸಾಕ್ ಎಂಬ ಕೂಲಿಕಾರರು 2011ರಲ್ಲಿ ಸಣ್ಣದೊಂದು ಗ್ರಂಥಾಲಯವನ್ನು ತೆರೆದರು. ಶಾಲೆಯ ವಿದ್ಯಾಭ್ಯಾಸ ಅವರಿಗೆ ದೊರೆತಿರಲಿಲ್ಲ. ತಮಗೆ ಒದಗದ ಓದು ನೆರೆಹೊರೆಯವರಿಗೆ ಒದಗಲಿ, ಅವರು ಕನ್ನಡ ಕಲಿಯಲಿ ಎಂಬುದು ಅವರ ಹಂಬಲ. ತಮ್ಮ ದುಡಿಮೆಯ ಹಣದಿಂದಲೇ ಪತ್ರಿಕೆಗಳನ್ನು ಕೊಂಡು ತಂದಿಡುತ್ತಿದ್ದರು. 2021ರ ಏಪ್ರಿಲ್ ತಿಂಗಳಿನಲ್ಲಿ ಆ ಗ್ರಂಥಾಲಯ ಬೆಂಕಿಗೆ ಆಹುತಿಯಾಗಿ, ಸಾವಿರಾರು ಪುಸ್ತಕಗಳು ಬೂದಿಯಾದವು. ಆದರೆ ನಾನಾ ಕಡೆಗಳ ಜನ ಹಣವನ್ನೂ ಪುಸ್ತಕಗಳನ್ನೂ ನೀಡಲು ಮುಂದೆ ಬಂದರು.

ತಡೆಗಳು ಬಡತನ ಮತ್ತು ದೂರ ಇವೆರಡೇ ಅಲ್ಲ. ದೃಷ್ಟಿಯಿಲ್ಲದವರಿಗೆ ಅಚ್ಚಿನ ಪುಸ್ತಕ ಮೂಕ. ಅವರಿಗೆ ಆರು ಚುಕ್ಕೆಗಳ ಬ್ರೈಲ್ ಲಿಪಿಯ ಪುಸ್ತಕ ಬೇಕು, ಧ್ವನಿಮುದ್ರಿಸಿದ ಪುಸ್ತಕ ಬೇಕು. ಅಕ್ಷರ ಬಾರದ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳುವವರು ಬೇಕು. ಬೇರೆ ಮನೆಮಾತಿನ ಮಗುವಿಗೆ ಕನ್ನಡದ ಪುಸ್ತಕದೊಡನೆ ತನ್ನ ನುಡಿಯ ಪುಸ್ತಕವೂ ಬೇಕು. ತಲೆತಲಾಂತರದಿಂದ ಹೊಸ್ತಿಲಾಚೆ ನಿಲ್ಲಿಸಲ್ಪಟ್ಟವರಿಗೆ ಇವೆಲ್ಲಕ್ಕಿಂತ ಮೊದಲು ಬೇಕಾದುದು ‘ಒಳಗೆ ಬನ್ನಿ, ಕುಳಿತುಕೊಳ್ಳಿ’ ಎಂಬ ಮಾತು.

ಪ್ರತಿ ಗ್ರಂಥಾಲಯದಲ್ಲಿಯೂ ಬಂದವರು ಸಹಿ ಮಾಡುವ ಪುಸ್ತಕವೊಂದಿರುತ್ತದೆ. ಬಾರದವರ ಹೆಸರನ್ನು ಬರೆದಿಡುವ ಪುಸ್ತಕ ಎಲ್ಲಿಯೂ ಇಲ್ಲ. ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವ ಕೆಲಸ ನಿಮ್ಮದಾಗಲಿ. ನಿಮ್ಮ ಬೀದಿಯಲ್ಲಿ, ನಿಮ್ಮ ತರಗತಿಯಲ್ಲಿ ಗ್ರಂಥಾಲಯದ ಮೆಟ್ಟಿಲು ತುಳಿಯದವರು ಯಾರಿದ್ದಾರೆಂದು ವಿಚಾರಿಸಿ, ಕಾರಣವನ್ನು ತಿಳಿಯಿರಿ, ಮುಂದಿನ ಸಲ ಹೋಗುವಾಗ ಅವರ ಕೈ ಹಿಡಿದು ಕರೆದೊಯ್ಯಿರಿ. ಬರಲಾರದವರಿಗೆ ಪುಸ್ತಕವನ್ನು ನೀವೇ ಕೊಂಡೊಯ್ದು ಕೊಡಿ. ನಾಳೆ ಎನ್ನಬೇಡಿ, ನಾಳೆ ಅವರು ಬೇರೊಂದು ತೋಟಕ್ಕೆ ಹೊರಟುಹೋಗಿರಬಹುದು.